ತೂಕದ ಭಾನುವಾರಗಳು

ನನ್ನ ದವಾಖಾನೆಯಲ್ಲಿ ಕೂಸಿನ ತೂಕವನ್ನು ಗಟ್ಟಿಯಾಗಿ ಹೇಳುವುದಿಲ್ಲ. ತೂಕದ ಯಂತ್ರದ ಮೇಲಿಂದ ಕೂಸನ್ನು ಎತ್ತಿ ತಾಯಿಯ ಕೈಗೆ ಕೊಡುತ್ತೇನೆ, ಅವಳ ಕಿವಿಯ ಹತ್ತಿರ ಬಗ್ಗಿ ಅಂಕಿ ಹೇಳುತ್ತೇನೆ, ಕಾರ್ಡಿನಲ್ಲಿ ಬರೆದು ಮಡಚಿ ಕೊಡುತ್ತೇನೆ. ಸೇಡಂನ ಹಳಬರಿಗೆ ಇದು ರೂಢಿಯಾಗಿದೆ, ಹೊಸಬರಿಗೆ ವಿಚಿತ್ರ. ಹೋದ ವಾರ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ತರುಣನೊಬ್ಬ ಹೆಂಡತಿಯ ಜೊತೆ ಮೊದಲ ಕೂಸನ್ನು ಕರೆತಂದಿದ್ದ. ನಾನು ಅವಳ ಕಿವಿಯಲ್ಲಿ ಮಾತಾಡಿದ್ದು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಏನರ ಸೀರಿಯಸ್ ಅದ ಏನ್ರಿ ಮೇಡಂ?"

"ಏನಿಲ್ಲಪ. ನಿನ್ನ ಮಗ ಆರೂವರಿ ಕಿಲೋ ಆಗ್ಯಾನ. ಛಲೋ ಅದಾನ."

"ಅದನ್ನ ಕಿವ್ಯಾಗ ಯಾಕ ಹೇಳ್ತೀರಿ ಮತ್ತ?"

"ವಯಸ್ಸಾಗ್ಯಾದಪ, ಗಂಟಲ ಕೂತದ," ಎಂದು ಸುಳ್ಳು ಹೇಳಿ ಕಳಿಸಿದೆ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ನಿಜವಾದ ಕಾರಣ ಹೇಳಬೇಕೆಂದರೆ ಶಹಾಬಾದಿನ ಒಂದು ಶಾಲೆಯ ವರಾಂಡದವರೆಗೆ ಹೋಗಿಬರಬೇಕಾಗುತ್ತದೆ, ಅದೂ ಇಪ್ಪತ್ತು ವರ್ಷ ಹಿಂದಕ್ಕೆ.

ಆಗ ನನಗೆ ನಲವತ್ತರ ಆಸುಪಾಸು. ಸೇಡಂನಲ್ಲಿ ಎರಡು ಕೋಣೆಯ ಮಕ್ಕಳ ದವಾಖಾನೆ ನಡೆಸುತ್ತಿದ್ದೆ. ಗಂಟಲು ಆಗ ಕೂತಿರಲಿಲ್ಲ. ನಾನು ಒಳಗೆ ಬೈದರೆ ಬೀದಿಯ ಆಚೆಗಿನ ಹಿಟ್ಟಿನ ಗಿರಣಿಯವನಿಗೆ ಕೇಳಿಸುತ್ತಿತ್ತು. ಸಿಟ್ಟು ನಮ್ಮಪ್ಪನ ಬಳುವಳಿ. ಅವರಾದರೋ ಸಿಟ್ಟು ಬಂದರೆ ಊಟ ಬಿಡುತ್ತಿದ್ದರು, ನಾನು ಊಟ ಬಿಡುವವಳಲ್ಲ, ಬಾಯಿ ಬಿಡುವವಳು. ಜ್ವರ ಬಂದು ನಾಲ್ಕು ದಿನವಾದ ಮೇಲೆ ಕರೆತಂದರೆ ಬೈಗುಳ, ಬಾಟಲಿ ಹಾಲು ಕುಡಿಸಿದರೆ ಬೈಗುಳ, ಹೊಟ್ಟೆಗೆ ಬರೆ ಹಾಕಿಸಿಕೊಂಡು ಬಂದರಂತೂ ಆ ದಿನವೆಲ್ಲ ಬೈಗುಳ. ಜನ ನನಗೆ 'ಬೈಯೋ ಬಾಯಿ' ಎಂದೇ ಹೆಸರಿಟ್ಟಿದ್ದರು. ನಮ್ಮ ಕಡೆ ಡಾಕ್ಟರಮ್ಮ ಎನ್ನುವುದಿಲ್ಲ, ಡಾಕ್ಟರಬಾಯಿ ಎನ್ನುತ್ತಾರೆ. ಹಟ ಮಾಡುವ ಮಕ್ಕಳಿಗೆ, "ಸುಮ್ಮಕ ಉಣ್ಣು, ಇಲ್ಲಂದ್ರ ಬೈಯೋ ಬಾಯಿ ಹತ್ರ ಒಯ್ತೀನಿ," ಎಂದು ಹೆದರಿಸುತ್ತಿದ್ದರಂತೆ. ಯಾರೋ ಇದನ್ನು ಬಂದು ಹೇಳಿದಾಗ ನನಗೆ ಬೇಜಾರೇನೂ ಆಗಲಿಲ್ಲ. ಒಳಗೊಳಗೇ ಹೆಮ್ಮೆಪಟ್ಟೆ.

ವಾರದ ಆರು ದಿನ ದವಾಖಾನೆ. ಏಳನೆಯ ದಿನ ಊರೂರು ತಿರುಗಾಟ. ತಿಂಗಳ ಮೊದಲ ಭಾನುವಾರ ಚಿತ್ತಾಪುರ, ಎರಡನೆಯದು ವಾಡಿ, ಮೂರನೆಯದು ಶಹಾಬಾದ್, ನಾಲ್ಕನೆಯದು ಚಿಂಚೋಳಿ. ಅಪರೂಪಕ್ಕೆ ಐದನೆಯ ಭಾನುವಾರ ಬಂದರೆ ಅದು ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುವ ದಿನ. ಇದಕ್ಕೆ ಯಾವ ಸಂಘವೂ ಇರಲಿಲ್ಲ, ಬ್ಯಾನರೂ ಇರಲಿಲ್ಲ. ನಾನು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಪಾ, ಒಂದು ತಗಡಿನ ಟ್ರಂಕು, ಅಷ್ಟೇ. ಆಪಾ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಊರ ಅರ್ಧ ಜನ ಅವಳನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದುದರಿಂದ ನಾನೂ ಕರೆದೆ. ನರ್ಸಿಂಗ್ ಓದಿದವಳಲ್ಲ, ಆದರೆ ಅಳುವ ಕೂಸು ಅವಳ ಕೈಗೆ ಹೋದರೆ ಅರ್ಧ ಅಳು ಅಲ್ಲಿಗೇ ನಿಲ್ಲುತ್ತಿತ್ತು.

ಆ ಭಾನುವಾರಗಳನ್ನು ನೆನೆದರೆ ಈಗಲೂ ಜೀವ ಹಗುರಾಗುತ್ತದೆ. ಬೆಳಗಿನ ಪ್ಯಾಸೆಂಜರ್ ರೈಲು ಎಂದೂ ವೇಳೆಗೆ ಬರುತ್ತಿರಲಿಲ್ಲ, ನಾವೂ ವೇಳೆಗೆ ಸ್ಟೇಷನ್ನಿಗೆ ಹೋಗುತ್ತಿರಲಿಲ್ಲ, ಹಾಗಾಗಿ ಒಮ್ಮೆಯೂ ತಪ್ಪಲಿಲ್ಲ. ಟ್ರಂಕಿನ ಮೇಲೆ ಆಪಾ ಕೂತು ಗಂಟು ಬಿಚ್ಚುತ್ತಿದ್ದಳು: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ವಾಡಿ ಹತ್ತಿರವಾದಂತೆ ಬೇವಿನ ಗಿಡಗಳ ಎಲೆ ಬೆಳ್ಳಗಾಗುತ್ತಿತ್ತು, ಸಿಮೆಂಟಿನ ಪುಡಿ. ವಾಡಿಯಲ್ಲಿ ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಬರುತ್ತಿದ್ದರು, ಮಾತಿನ ನಡುವೆ ಸಿಳ್ಳೆ ಕೇಳಿದರೆ ಯಾವ ಗಾಡಿ, ಎಷ್ಟು ತಡ ಎಂದು ಹೇಳಿ ಮತ್ತೆ ಮಾತು ಮುಂದುವರಿಸುವವರು. ಚಿತ್ತಾಪುರದಲ್ಲಿ ಒಬ್ಬ ಮುದುಕ ತನ್ನ ಮನೆಯಲ್ಲಿ ಚಿಕ್ಕ ಮಕ್ಕಳೇ ಇಲ್ಲದಿದ್ದರೂ ಪ್ರತಿ ಸಲ ಬಂದು ಮೂಲೆಯಲ್ಲಿ ಕೂತು, ನನ್ನ ಬೈಗುಳ ಕೇಳಿ ನಕ್ಕು ಹೋಗುತ್ತಿದ್ದ. ಚಿಂಚೋಳಿಗೆ ಮಾತ್ರ ಬಸ್ಸು. ಅಲ್ಲಿಯ ತಾಯಂದಿರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಅಳುತ್ತಿದ್ದರು. ನಾನು ಎರಡರಲ್ಲೂ ಬೈಯಬಲ್ಲೆ.

ಕೆಲಸ ಸರಳ. ಟ್ರಂಕಿನಿಂದ ಸ್ಪ್ರಿಂಗ್ ತಕ್ಕಡಿ ತೆಗೆದು ಮೇಲಿನ ಕೊಕ್ಕೆಗೆ ತೂಗು ಹಾಕುವುದು. ಅದರ ಕೆಳಗೆ ಚಡ್ಡಿಯ ಹಾಗೆ ಹೊಲಿದ ಗಟ್ಟಿ ಬಟ್ಟೆಯ ಚೀಲ. ಆಪಾ ಕೂಸನ್ನು ಅದರಲ್ಲಿ ಇಳಿಸುತ್ತಿದ್ದಳು, ನಾನು ಮುಳ್ಳು ನೋಡಿ ತೂಕ ಕೂಗುತ್ತಿದ್ದೆ, ಕಾರ್ಡಿನಲ್ಲಿ ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಹಸಿರು ಪಟ್ಟಿಯಲ್ಲಿ ಬಿದ್ದರೆ ಕೂಸು ಸರಿಯಾಗಿ ಬೆಳೆಯುತ್ತಿದೆ. ಹಳದಿಗೆ ಇಳಿದರೆ ಎಚ್ಚರ. ಕೆಂಪಿಗೆ ಇಳಿದರೆ ಅಪಾಯ. ಓದು ಬರದವರಿಗೂ ಬಣ್ಣ ತಿಳಿಯುತ್ತದೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಯಾವ ಕೂಸೂ ಬರಿಮೈಯಲ್ಲಿ ಇರುವುದಿಲ್ಲ. ಸೊಂಟಕ್ಕೆ ಉಡದಾರ, ಕಾಲಿಗೆ ಬೆಳ್ಳಿ ಕಡಗ, ಕೊರಳಿಗೆ ದರ್ಗಾದ ತಾಯತ. ಕೆಲವರು ತಾಯತವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಪಟ್ಟಿಯಂತೆ ಕಟ್ಟುತ್ತಾರೆ. ಹಿಂದೂ ಮುಸ್ಲಿಂ ಎಂಬ ಭೇದ ಇದಕ್ಕೆ ಇಲ್ಲ. ನಾನು ಹೊಸದಾಗಿ ಬಂದಾಗ, ಒಂದು ಕೂಸಿನ ಎದೆ ಪರೀಕ್ಷೆ ಮಾಡಲು ಅಡ್ಡ ಬಂದಿತೆಂದು ತಾಯತದ ದಾರವನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದ್ದೆ. ಆ ತಾಯಿ ಮಾತಾಡದೆ ಕೂಸನ್ನು ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ, ಅವಳ ಓಣಿಯವರೂ ಬರಲಿಲ್ಲ. ಅಂದಿನಿಂದ ನಾನು ಮಾಡಿಕೊಂಡ ನಿಯಮ: ಕೂಸಿನ ಮೈಮೇಲೆ ಕಟ್ಟಿದ್ದನ್ನು ಮುಟ್ಟಬಾರದು. ತೂಗುವಾಗ ಇದ್ದದ್ದು ಇದ್ದ ಹಾಗೆಯೇ ತೂಗಿ, ಅದರಲ್ಲಿ ನೂರು ಗ್ರಾಂ ಕಳೆದು ಬರೆಯುವುದು. ನನ್ನ ಈ ಲೆಕ್ಕ ನಾಲ್ಕೂ ಊರಿನ ಹೆಂಗಸರಿಗೆ ಗೊತ್ತಿತ್ತು.

ಆಪಾ ಒಮ್ಮೆ ಹೇಳಿದ್ದಳು, "ಬಾಯಾರ, ಎಲ್ಲಾ ಬಿಚ್ಚಿಸಿ ಬರೇ ಮೈಲೆ ತೂಗೋಣು. ನಾ ಹೇಳಿದ್ರ ಬಿಚ್ತಾರ."

"ನೀ ನನಗ ಡಾಕ್ಟರಕಿ ಕಲಸ್ಬ್ಯಾಡ," ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ತೂಕ ಕೂಗುವುದು ನನ್ನದೇ ಉಪಾಯ. ಎಲ್ಲರ ಎದುರಿಗೆ ಕೂಗಿದರೆ ತಾಯಂದಿರಿಗೆ ಹುರುಪು ಬರುತ್ತದೆ, ಪೈಪೋಟಿ ಹುಟ್ಟುತ್ತದೆ ಎಂದು ನಂಬಿದ್ದೆ. ಹೆಚ್ಚು ತೂಕ ಏರಿಸಿಕೊಂಡ ಕೂಸಿಗೆ ಚಪ್ಪಾಳೆ ಹೊಡೆಸಿ ಒಂದು ಸ್ಟೀಲಿನ ಬಟ್ಟಲು ಕೊಡುತ್ತಿದ್ದೆ. ತೂಕ ಇಳಿದಿದ್ದರೆ ಬೈಗುಳ, ಅದೂ ಎಲ್ಲರ ಎದುರಿಗೇ. ಇದರಿಂದ ನಾಲ್ಕೂ ಊರಿನ ಕಾರ್ಡುಗಳಲ್ಲಿ ಚುಕ್ಕೆಗಳು ಮೇಲೇರತೊಡಗಿದವು. ಕಲಬುರ್ಗಿಯಲ್ಲಿ ಡಾಕ್ಟರುಗಳ ಸಭೆ ಇದ್ದಾಗ ಆ ಕಾರ್ಡುಗಳ ಕಟ್ಟು ಒಯ್ದು ತೋರಿಸಿದ್ದೆ. ಎಲ್ಲರೂ ಭೇಷ್ ಎಂದರು. ಬಹಳ ಉಬ್ಬಿದ್ದೆ ನಾನು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಶಹಾಬಾದಿನಲ್ಲಿ ನಾವು ಕೂರುತ್ತಿದ್ದುದು ಒಂದು ಶಾಲೆಯ ವರಾಂಡದಲ್ಲಿ. ನೆಲಕ್ಕೆ ಅದೇ ಊರಿನ ಕಲ್ಲು, ಬೇಸಿಗೆಯಲ್ಲೂ ತಣ್ಣಗೆ. ಮಳೆಗಾಲ ಮುಗಿದ ಹೊತ್ತಿಗೆ ಒಂದು ಭಾನುವಾರ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳು ಸಾಲಿನಲ್ಲಿ ಬಂದಳು. ಇಪ್ಪತ್ತು ದಾಟಿರಲಿಲ್ಲವೇನೋ. ಕೈ ಮೊಣಕೈವರೆಗೆ ಕಲ್ಲಿನ ಪುಡಿ, ತೊಳೆದರೂ ಹೋಗದಂಥದು. ಬಗಲಲ್ಲಿ ಎಂಟು ತಿಂಗಳ ಹೆಣ್ಣುಕೂಸು, ಅವಳ ಮೊದಲನೆಯದು. ತೂಗಿದರೆ ಹಿಂದಿನ ತಿಂಗಳಿಗಿಂತ ಕಡಿಮೆ. ಚುಕ್ಕೆ ಹಳದಿಗೆ ಇಳಿಯಿತು. ನಾನು ಎದ್ದು ನಿಂತೆ.

"ಹಡಿಲಿಕ್ಕ ಬರ್ತದ, ಉಣಿಸ್ಲಿಕ್ಕ ಬರಂಗಿಲ್ಲೇನು? ಇಷ್ಟು ಮಂದಿ ಅದಾರಲ್ಲ, ಇವರೆಲ್ಲಾ ಕೂಸು ಸಾಕ್ಲಿಕತ್ತಿಲ್ಲೇನು? ಮುಂದಿನ ಸಲ ತೂಕ ಏರ್ಲಿಲ್ಲಂದ್ರ ನನ್ನ ಕಡಿ ಬರಬ್ಯಾಡ!"

ಸಾಲಿನಲ್ಲಿ ಕೆಲವರು ನಕ್ಕರು. ಅವಳು ಕಾರ್ಡು ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಆ ಮಾತು ಆಡಿದ ಮರುಕ್ಷಣ ನನಗೆ ಮರೆತೂ ಹೋಯಿತು, ಹಿಂದೆ ಇನ್ನೂ ನಲವತ್ತು ಮಕ್ಕಳಿದ್ದವು.

ಮುಂದಿನ ತಿಂಗಳು ಅವಳ ಕೂಸು ಇನ್ನೂರು ಗ್ರಾಂ ಏರಿತ್ತು. ಅದರ ಮುಂದಿನ ತಿಂಗಳು ಇನ್ನೂ ಇನ್ನೂರೈವತ್ತು. ಚಳಿಗಾಲ ಬಂದಿತ್ತು. ಕೂಸಿಗೆ ಕಿವಿ ಮುಚ್ಚುವ ಟೊಪ್ಪಿ, ದಪ್ಪ ಸ್ವೆಟರು, ಅದರ ಮೇಲೆ ಒಂದು ಚಾದರ. ಮುಖ ಅಷ್ಟೇ ಕಾಣುತ್ತಿತ್ತು. ನಾನು ಮುಳ್ಳನ್ನು ನೋಡಿದೆ, ಕೂಸನ್ನು ನೋಡಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗುವುದಿಲ್ಲ, ಆದರೂ ಹೇಳಬೇಕು: ಮಕ್ಕಳ ಡಾಕ್ಟರಾಗಿ ನಾನು ಮುಳ್ಳನ್ನು ನೋಡಿದೆ, ಕೂಸನ್ನು ನೋಡಲಿಲ್ಲ. ಮೂರನೆಯ ತಿಂಗಳು ಇಡೀ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಏರಿದ್ದು ಅದೇ. ಚುಕ್ಕೆ ಹಸಿರಿಗೆ ಹತ್ತಿತು. ಬಟ್ಟಲು ಅದಕ್ಕೇ ಕೊಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಅವಳು ಬಟ್ಟಲು ಹಿಡಿದು ನನ್ನ ಮುಖವನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು. ಏನೋ ಹೇಳುವವಳಂತೆ ಬಾಯಿ ತೆರೆದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಬೆನ್ನು ತಟ್ಟಿ ಕಳಿಸಿದೆ. ಮುಂದಿನ ಭಾನುವಾರ ಚಿಂಚೋಳಿಯಲ್ಲಿ ಅವಳ ಕಥೆ ಹೇಳಿ, "ನೋಡ್ರಿ, ಬೈದ್ರ ಹ್ಯಾಂಗ ಸುಧಾರಣಿ ಆಗ್ತಾದ!" ಎಂದು ಅಲ್ಲಿಯವರನ್ನೂ ಬೈದೆ.

ಸಂಕ್ರಾಂತಿ ಮುಗಿದ ಒಂದು ವಾರಕ್ಕೆ, ಕೆಲಸದ ದಿನ ಬೆಳಿಗ್ಗೆ, ಅವಳು ಸೇಡಂನ ದವಾಖಾನೆಗೆ ಬಂದಳು. ಅತ್ತೆಯೂ ಜೊತೆಗಿದ್ದಳು. ರೈಲು ಇಳಿದು ನಡೆದೇ ಬಂದಿದ್ದರು. ಕೂಸಿಗೆ ಎಂಟು ದಿನದಿಂದ ಜ್ವರ, ಅದಕ್ಕೂ ಮೊದಲಿನಿಂದ ಕೆಮ್ಮು. ಎದೆಯ ಪಕ್ಕೆಲುಬು ಒಳಗೆ ಎಳೆಯುತ್ತಿತ್ತು. ಕಣ್ಣು ತೆರೆಯಲೂ ಅದಕ್ಕೆ ಶಕ್ತಿ ಇರಲಿಲ್ಲ.

"ಇಷ್ಟು ದಿನ ಏನ್ ಮಾಡ್ಲಿಕತ್ತಿದ್ರಿ?" ಎಂದು ನಾನು ಶುರು ಮಾಡಿದೆ.

ಅತ್ತೆ ಮುಂದೆ ಬಂದಳು. "ಏನಾಗಂಗಿಲ್ಲ ಅಂತ ನಾನೇ ಅಂದೀನ್ರಿ ಬಾಯಾರ. ಹಸರ ಕಾರ್ಡದ ಅಲ್ರಿ ನಮ್ದು. ಬಟ್ಟಲ ಬಂದದ ನಮ್ಮ ಕೂಸಿಗಿ. ಈಕಿನೇ ಸುಮ್ಮ ಅಳ್ಕೋತ, ದವಾಖಾನಿಗಿ ಹೋಗಮಾ ಅಂತ ಗಂಟು ಬಿದ್ದಾಳ."

ಆಪಾ ಕೂಸಿನ ಚಾದರ, ಸ್ವೆಟರು ತೆಗೆದಳು. ಸೊಂಟದ ಸುತ್ತ ತಾಯತದ ಪಟ್ಟಿ, ಅಂಗೈ ಅಗಲದ್ದು. ಅದು ಎದೆಯ ಕೆಳಗಿನವರೆಗೂ ಇತ್ತು, ಸ್ಟೆತೊಸ್ಕೋಪ್ ಇಡಲು ಆಗುತ್ತಿರಲಿಲ್ಲ. "ಬಿಚ್ಚವ್ವ," ಎಂದೆ. ಅವಳು ಬಿಚ್ಚಲಿಲ್ಲ. ಎರಡೂ ಕೈಯಿಂದ ಪಟ್ಟಿಯನ್ನು ಒತ್ತಿ ಹಿಡಿದು ನಿಂತಳು. ಆಪಾ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಗಂಟು ಸಡಿಲಿಸಿದಳು. ಬಟ್ಟೆಯ ಮಡಿಕೆಯಿಂದ ಕಲ್ಲಿನ ಚೂರುಗಳು ಮೇಜಿನ ಮೇಲೆ ಬಿದ್ದವು. ನಾಲ್ಕು ಚೂರು. ಶಹಾಬಾದಿನ ಕಲ್ಲು, ಚಪ್ಪಟೆ, ಅಂಚು ಚುಚ್ಚಬಾರದೆಂದು ಯಂತ್ರಕ್ಕೆ ಹಿಡಿದು ನುಣ್ಣಗೆ ಉಜ್ಜಿದ್ದವು.

ಮೊದಲು ತಿಳಿದದ್ದು ಅತ್ತೆಗೆ. ಸೊಸೆಗೆ ಹೊಡೆಯಲು ಕೈ ಎತ್ತಿದಳು. ಆಪಾ ಆ ಕೈ ಹಿಡಿದುಕೊಂಡಳು.

"ತಿಂಗಳಿಗಿ ಒಂದೊಂದು ಹಾಕೀನ್ರಿ," ಎಂದಳು ಅವಳು, ನನ್ನನ್ನು ನೋಡದೆ. "ಬ್ಯಾರೆದವರ ಎದುರಿಗಿ ಮತ್ತ ಬೈತೀರಿ ಅಂತ. ಉಣಸ್ತೀನ್ರಿ ನಾ, ಖರೇ ಉಣಸ್ತೀನಿ. ಮೈಗಿ ಹತ್ತವಲ್ದು. ಬಟ್ಟಲ ಕೊಟ್ಟ ದಿನ ಹೇಳ್ಬೇಕಂತ ಮಾಡಿದ್ದೆ. ನೀವು ಚಪ್ಪಾಳಿ ಹೊಡಸಿದ್ರಿ. ಆಮ್ಯಾಲ ಮನ್ಯಾಗ ಹೇಳಿದ್ರ ಯಾರೂ ನಂಬ್ಲಿಲ್ಲ, ಹಸರ ಕಾರ್ಡಿನ ಕೂಸಿಗಿ ರೋಗೆಲ್ಲಿ ಅಂದ್ರು."

"ಇವತ್ತ ಯಾಕ ಕಟ್ಟೀ?" ಎಂದು ಕೇಳಿದವಳು ಆಪಾ.

"ಇಲ್ಲಿನೂ ತೂಗ್ತೀರಲ್ರಿ."

ಉಸಿರಾಡಲು ಕಷ್ಟಪಡುತ್ತಿದ್ದ ಕೂಸಿನ ಸೊಂಟಕ್ಕೆ ಅವಳು ಬೆಳಿಗ್ಗೆ ಕಲ್ಲು ಕಟ್ಟಿ ತಂದಿದ್ದಳು, ನನ್ನ ಬಾಯಿಗೆ ಹೆದರಿ. ಕೂಸನ್ನು ತೂಗಿದೆವು. ಬೈದ ದಿನಕ್ಕಿಂತ ಅರ್ಧ ಕಿಲೋ ಇಳಿದಿತ್ತು. ಕಾರ್ಡಿನ ಚುಕ್ಕೆ ಕೆಂಪಿನಲ್ಲಿ ಎಲ್ಲೋ ಕೆಳಗೆ ಬೀಳಬೇಕಿತ್ತು. ನಾನು ಬರೆಯಲಿಲ್ಲ, ಕಾರ್ಡನ್ನು ಮಡಚಿ ಬದಿಗಿಟ್ಟೆ. ಮನೆಯಲ್ಲಿ ಯಾರಾದರೂ ಕೆಮ್ಮುತ್ತಾರೆಯೇ ಎಂದು ಕೇಳಿದೆ. ಮಾವ ಕೆಮ್ಮುತ್ತಾನೆ, ಕಲ್ಲು ಒಡೆಯುವವನಾದ್ದರಿಂದ ಅದು ಧೂಳಿನ ಕೆಮ್ಮು ಎಂದು ಬಿಟ್ಟಿದ್ದಾರೆ. ಕೂಸು ರಾತ್ರಿಯೆಲ್ಲ ಅಜ್ಜನ ಮಗ್ಗುಲಲ್ಲೇ ಮಲಗುತ್ತದೆ. ಅಷ್ಟು ಸಾಕಾಗಿತ್ತು, ಕ್ಷಯ ಎಂಬ ಸಂಶಯಕ್ಕೆ. ಮೂರು ತಿಂಗಳ ಹಿಂದೆಯೇ ಬರಬೇಕಾಗಿದ್ದ ಸಂಶಯ ಅದು. ತೂಕ ಇಳಿದ ದಿನ ನಾನು ಬೈಯುವ ಬದಲು ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಬಾಡಿಗೆ ಜೀಪು ಕರೆಸಿ ಕಲಬುರ್ಗಿಯ ದೊಡ್ಡ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಮಳಖೇಡ ದಾಟುವವರೆಗೂ ಕೂಸಿನ ಉಸಿರನ್ನೇ ಎಣಿಸುತ್ತಿದ್ದೆ. ದಾರಿಯುದ್ದಕ್ಕೂ ತೊಗರಿ ರಾಶಿ ಮಾಡುತ್ತಿದ್ದರು, ಹೊಟ್ಟು ಗಾಳಿಗೆ ಹಾರಿ ಜೀಪಿನೊಳಗೆ ಬರುತ್ತಿತ್ತು. ಅವಳು ಸೆರಗಿನಿಂದ ಕೂಸಿನ ಮುಖ ಮುಚ್ಚುತ್ತಿದ್ದಳು, ನಾನು ಗಾಳಿ ಆಡಲೆಂದು ಸರಿಸುತ್ತಿದ್ದೆ. ಕ್ಷಮಿಸು ಎನ್ನಬೇಕೆಂದು ನೂರು ಸಲ ಅನ್ನಿಸಿತು. ಬೈಯಲು ಎರಡು ಭಾಷೆ ಕಲಿತಿದ್ದವಳಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಕ್ಷಯವೇ ಆಗಿತ್ತು. ಅಲ್ಲಿದ್ದ ನನ್ನ ಸಹಪಾಠಿ ಚೆನ್ನಾಗಿ ನೋಡಿಕೊಂಡಳು. ಹದಿನೈದು ದಿನಕ್ಕೆ ಕೂಸು ಹಾಲು ಕುಡಿದು ಅರಗಿಸಿಕೊಳ್ಳತೊಡಗಿತು. ಅಜ್ಜನಿಗೂ ಔಷಧ ಶುರುವಾಯಿತು. ಕೂಸಿಗೆ ಆರು ತಿಂಗಳು ತಪ್ಪದೆ ಮಾತ್ರೆ ಕೊಡಬೇಕು, ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ, ಆಗ ಉಳಿಸುವುದು ಕಷ್ಟ ಎಂದು ಹೇಳಿ ಎರಡು ತಿಂಗಳ ಮಾತ್ರೆ ಕೈಗೆ ಕೊಟ್ಟು ಮನೆಗೆ ಕಳಿಸಿದರು. ಮುಂದಿನ ಮಾತ್ರೆ ಶಹಾಬಾದಿನ ಭಾನುವಾರ ನನ್ನಿಂದಲೇ ಪಡೆಯಬೇಕೆಂದು ಮಾತಾಗಿತ್ತು.

ಸೇಡಂಗೆ ಮರಳಿದ ದಿನ ಆಪಾಳನ್ನು ಕೇಳಿದೆ, "ನೀ ಪ್ರತಿ ಸಲ ಎತ್ತಿ ಚೀಲಕ್ಕ ಹಾಕ್ತಿದ್ದೆಲ್ಲ. ನಿನ್ನ ಕೈಗಿ ಗೊತ್ತಾಗ್ಲಿಲ್ಲೇನು?"

"ಗೊತ್ತಾಗಿತ್ತು," ಎಂದಳು. "ಎಲ್ಲಾರೂ ಏನಾರ ಒಂದು ಕಟ್ತಿದ್ರು. ಈಕಿ ಇಷ್ಟು ಕಟ್ಟ್ಯಾಳ ಅಂತ ತಿಳೀಲಿಲ್ಲ, ಅಲ್ಲಾ ಕಸಮ್. ಸ್ವೆಟರ್ ವಜ್ಜಿ ಅಂದ್ಕೊಂಡೆ."

"ನನಗ ಯಾಕ ಹೇಳ್ಲಿಲ್ಲ?"

ಆಪಾ ತಕ್ಕಡಿಯ ಚೀಲವನ್ನು ಮಡಚುತ್ತಿದ್ದಳು. "ಒಮ್ಮಿ ಹೇಳ್ಲಿಕ್ಕ ಬಂದಿದ್ದೆ ಬಾಯಾರ," ಎಂದಳು.

ಮುಂದಿನ ಶಹಾಬಾದಿನ ಭಾನುವಾರ ಅವಳು ಬರಲಿಲ್ಲ. ಅಂಗನವಾಡಿ ಟೀಚರನ್ನು ಕಳಿಸಿ ವಿಚಾರಿಸಿದೆ. ಮನೆಗೆ ಬೀಗ. ತಾಂಡೂರ ಕಡೆ ಇನ್ನೊಂದು ಕಲ್ಲಿನ ಕಣಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದರು ನೆರೆಯವರು. ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಅಂದು ನಾನು ತೂಕ ಕೂಗಲಿಲ್ಲ, ಬಟ್ಟಲೂ ಕೊಡಲಿಲ್ಲ. ಬಾಯಾರಿಗೆ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡರು ಜನ. ಅವಳ ಕೈಯಲ್ಲಿದ್ದ ಮಾತ್ರೆ ಇನ್ನು ಒಂದು ತಿಂಗಳಿಗೆ ಮಾತ್ರ ಸಾಕು. ನನಗೆ ಹೆದರಿ ಅವಳು ಬರದೆ ಹೋದರೆ ಕೂಸು ಉಳಿಯುವುದಿಲ್ಲ. ಬೇರೆ ಯಾವ ಲೆಕ್ಕವೂ ಆ ತಿಂಗಳು ನನ್ನ ತಲೆಯಲ್ಲಿ ಇರಲಿಲ್ಲ. ತಾಂಡೂರಿನ ಗಾಡಿ ಸೇಡಂಗೆ ಬರುವ ಹೊತ್ತಿಗೆ ದವಾಖಾನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ನಾನು ಯಾರಿಗಾಗಿಯೂ ಹಾಗೆ ನಿಂತದ್ದಿಲ್ಲ, ಅದಕ್ಕೆ ಮೊದಲೂ, ಆಮೇಲೂ.

ಅದರ ಮುಂದಿನ ಮೂರನೆಯ ಭಾನುವಾರ ನಾವು ಶಹಾಬಾದ್ ಮುಟ್ಟಿದಾಗ ವರಾಂಡ ತುಂಬಿತ್ತು. ಬಿಸಿಲು ಏರಿದ್ದರಿಂದ ಮಕ್ಕಳಿಗೆ ತೆಳು ಅಂಗಿ. ಏಳೆಂಟು ಮಕ್ಕಳನ್ನು ತೂಗಿದ್ದೆವು. ತಲೆ ಎತ್ತಿ ನೋಡಿದರೆ ಸಾಲಿನ ತುದಿಯಲ್ಲಿ, ಕಂಬಕ್ಕೆ ಒರಗಿ ಅವಳು. ಬಗಲಲ್ಲಿ ಕೂಸು. ಅದು ಅವಳ ಕಿವಿಯೋಲೆ ಹಿಡಿದು ಜಗ್ಗುತ್ತಿತ್ತು. ಜಗ್ಗುವಷ್ಟು ಶಕ್ತಿ ಬಂದಿದೆ ಎಂದು ಡಾಕ್ಟರ ಮನಸ್ಸು ಹೇಳಿತು, ಆದರೆ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಎದ್ದು ನಿಂತೆ. ನಾನು ಎದ್ದು ನಿಂತರೆ ಬೈಗುಳ ಎಂದು ಎಲ್ಲರಿಗೂ ಗೊತ್ತು. ಬೈದದ್ದು ಎಲ್ಲರ ಎದುರಿಗೆ, ಇದನ್ನೂ ಎಲ್ಲರ ಎದುರಿಗೇ ಹೇಳಬೇಕಿತ್ತು.

"ತಪ್ಪು ನಂದವ್ವ," ಎಂದೆ, ಅವಳಿಗೆ. "ಆ ದಿನ ನಿನಗ ಹಂಗ ಅನ್ನಬಾರದಿತ್ತು. ನಿನ್ನ ಕೂಸಿಗಿ ರೋಗ ಇತ್ತು, ನಾ ನಿನಗ ಬೈದೆ. ನನ್ನ ಬಾಯಿಗಿ ಅಂಜಿ ನೀ ಕಲ್ಲು ಕಟ್ಟಿದಿ. ಎಲ್ಲಾರಿಗೂ ಹೇಳ್ತೀನಿ, ಕೇಳ್ರಿ. ಇನ್ನ ಮ್ಯಾಲ ಯಾರಿಗೂ ಬೈಯಂಗಿಲ್ಲ. ತೂಕ ಕಮ್ಮಿ ಬಂದ್ರ ಅದು ನಿಮ್ಮ ತಪ್ಪಲ್ಲ. ಏನಾಗ್ಯಾದ ಅಂತ ನಾ ಹುಡುಕ್ಬೇಕು, ಅದು ನನ್ನ ಕೆಲಸ. ಖರೇ ತೂಕ ಕೊಡ್ರಿ, ಅಷ್ಟೇ ಸಾಕು."

ಇಷ್ಟು ಹೇಳಿ ಕೂತೆ. ಆಮೇಲೆ ಸಾಲಿನ ಮೊದಲಿಗೆ ಇದ್ದ ಬುರ್ಖಾದ ಹೆಂಗಸು ಕೂಸನ್ನು ನೆಲಕ್ಕೆ ಕೂರಿಸಿ ಅದರ ಅಂಗಿಯೊಳಗೆ ಕೈ ಹಾಕಿದಳು. ಒಂದು ಸಣ್ಣ ಬೀಗ ಹೊರಗೆ ಬಂತು. ಅವಳ ಹಿಂದಿದ್ದವಳು ಕೂಸಿನ ಉಡದಾರದಿಂದ ಎರಡು ಕಬ್ಬಿಣದ ನಟ್ಟು ಬಿಚ್ಚಿದಳು. ಇನ್ನೊಬ್ಬಳ ಕೂಸಿನ ಲಂಗೋಟಿಯಿಂದ ಅಡಕೊತ್ತು ಬಂತು. ಆಪಾ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಸಾಲಿನುದ್ದಕ್ಕೂ ಗಂಟು ಬಿಚ್ಚುವ ಸದ್ದು, ಕಲ್ಲಿನ ನೆಲದ ಮೇಲೆ ಒಂದೊಂದೇ ಬೀಳುವ ಸದ್ದು. ಕಿರಾಣಿ ಅಂಗಡಿಯವನ ಹೆಂಡತಿ ತಕ್ಕಡಿಯ ತೂಕದ ಕಲ್ಲನ್ನೇ ತಂದಿದ್ದಳು, ಸರಿಯಾಗಿ ನೂರು ಗ್ರಾಮಿನದು. ನನ್ನ ಮೇಜಿನ ಮೇಲೆ ಇಟ್ಟು, "ನೀವು ನೂರು ಕಳೀತೀರಂತ ನೂರೇ ಹಾಕೀನ್ರಿ ಬಾಯಾರ, ಜಾಸ್ತಿ ಹಾಕಿಲ್ಲ," ಎಂದಳು. ಮೋಸ ಮಾಡಿದ ಭಾವವೇ ಅವಳ ಮುಖದಲ್ಲಿ ಇರಲಿಲ್ಲ. ಎರಡು ವರ್ಷ ನಾನು ಬರೆದ ಚುಕ್ಕೆಗಳೆಲ್ಲ ಸುಳ್ಳಾಗಿದ್ದವು. ಕಲಬುರ್ಗಿಯಲ್ಲಿ ತೋರಿಸಿ ಭೇಷ್ ಅನಿಸಿಕೊಂಡ ಕಾರ್ಡುಗಳೂ ಅವುಗಳಲ್ಲೇ ಸೇರಿದ್ದವು. ಅಳಬೇಕೋ ನಗಬೇಕೋ ತಿಳಿಯದೆ ಆಪಾಳ ಜೊತೆ ನಾನೂ ನಕ್ಕೆ, ಸಾಲೂ ನಕ್ಕಿತು.

ಅವರೆಲ್ಲ ದಾರಿ ಬಿಟ್ಟು ಅವಳನ್ನು ಮುಂದೆ ಕಳಿಸಿದರು. ಅವಳು ಕಲ್ಲಿನ ಮೇಲೆ ಕೂತು ಕೂಸಿನ ಅಂಗಿ ತೆಗೆದಳು. ಕೊರಳಿನ ತಾಯತ ತೆಗೆದು ಹಣೆಗೆ ಒತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಕಾಲಿನ ಕಡಗ, ಉಡದಾರ, ಎಲ್ಲ. ಬತ್ತಲೆ ಕೂಸನ್ನು ಆಪಾಳ ಕೈಗೂ ಕೊಡದೆ ತಾನೇ ಚೀಲದಲ್ಲಿ ಇಳಿಸಿ ಕೈ ಬಿಟ್ಟಳು. ಮುಳ್ಳು ಅಲ್ಲಾಡಿ ನಿಂತಿತು. ಆಗ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಈಗ ಬೇಕಾದಷ್ಟು ಬೈರಿ ಬಾಯಾರ," ಎಂದಳು. "ಬರೇ ಕೂಸು ಅದ."